ಹಾವಸೆ

ಐಸಿನ ಪೆಟ್ಟಿಗೆ ಹಿಡಿದು ನಾನು ಹೋದಾಗ
ಚನಿಯಣ್ಣ ಮಗ್ಗುಲಾಗಿ ಮಲಗಿದ್ದರು,
ಮೂರನೆಯ ವಾರ್ಡು, ಕಿಟಕಿಯ ಬದಿ.
ನರ್ಸು ಕತ್ತರಿಸಿ ಕೊಟ್ಟದ್ದು ಬೆರಳುದ್ದದ ನಳಿಗೆ,
ಮೂತ್ರದ ದಾರಿಯಲ್ಲಿ ಹದಿನೆಂಟು ದಿನ ಇದ್ದದ್ದು.
"ಎಂತ ಉಂಟು ಮಗಾ ಅದರೊಳಗೆ?"
ಬಯೋಫಿಲ್ಮ್ ಎಂದೆ. ಅವರು ಕಾದರು.
ಲೋಳೆ ಎಂದೆ. ಕಣ್ಣಿಗೆ ಕಾಣದವು ಗುಂಪು ಕಟ್ಟಿ,
ಗೋಡೆಗೆ ಅಂಟಿ, ಮೇಲೊಂದು ಮುಸುಕು ಎಳೆದುಕೊಂಡು...
"ಹಾವಸೆ ಅನ್ನು ಮಾರಾಯ್ತಿ,
ಅದಕ್ಕೆ ಇಷ್ಟು ಸುತ್ತು ಯಾಕೆ?"

ನಲವತ್ತು ವರ್ಷ ಶಿರಿಯದ ಕಡವಿನಲ್ಲಿ ದೋಣಿ ಹಾಕಿದವರು.
ಕೆಳಗಿನ ಮೂರು ಮೆಟ್ಟಿಲು ಅವರಿಗೆ ಬಾಯಿಪಾಠ.
ಮೊದಲ ದಿನ ಕಲ್ಲು ಕಲ್ಲೇ.
ಮರುದಿನ ಬೆರಳಿಗೆ ತುಸು ನುಣುಪು.
ವಾರ ಕಳೆದರೆ ದಿಬ್ಬಣದ ಮದುಮಗನೂ ಬಿದ್ದಿದ್ದಾನೆ.
"ನೀರು ಹೊಯ್ದರೆ ಹೋಗ್ಲಿಕ್ಕಿಲ್ಲ, ನೀರೇ ಅದರ ತಾಯಿ.
ತೆಂಗಿನ ಕತ್ತದಲ್ಲಿ ಉಜ್ಜಬೇಕು.
ಉಜ್ಜಿದರೂ ಕಲ್ಲಿನ ಕಣ್ಣೊಳಗೆ
ಒಂಚೂರು ಕೂತಿರ್ತದೆ, ನೋಡು."

ಇದನ್ನೇ ನಾನು ಎರಡನೆಯ ಅಧ್ಯಾಯದಲ್ಲಿ
ಅರವತ್ತೆರಡು ಪುಟ ಬರೆದಿದ್ದೇನೆ.

ಮೂವತ್ತೇಳು ಡಿಗ್ರಿಯಲ್ಲಿ ಒಂದು ರಾತ್ರಿ.
ಬೆಳಿಗ್ಗೆ ಮುಚ್ಚಳ ಸರಿಸಿದರೆ ದ್ರಾಕ್ಷಿಯ ವಾಸನೆ,
ಗಿಳಿಗೂ ಇಲ್ಲದ ಹಸಿರು.
ನಂಜಿಗೆ ಇಷ್ಟು ಚೆಂದ ಯಾಕೋ.
ಆರು ಬಿಲ್ಲೆ ಇಟ್ಟಿದ್ದೆ, ಒಂದೊಂದಕ್ಕೆ ಒಂದೊಂದು ಮದ್ದು.
ಮದ್ದು ಗೆದ್ದರೆ ಬಿಲ್ಲೆಯ ಸುತ್ತ
ಸಗಣಿ ಸಾರಿಸಿದ ಅಂಗಳದ ಹಾಗೆ ಬಯಲು ಬಿಡಬೇಕು.
ಐದಕ್ಕೆ ಅಂಗಳವೇ ಇಲ್ಲ.
ಹಸಿರು ಅಂಚಿನವರೆಗೆ ಬಂದು, ಮೇಲಕ್ಕೂ ಒಂದು ಕಾಲು ಇಟ್ಟಿತ್ತು.
ಆರನೆಯದಕ್ಕೆ ಹದಿನೈದು ಮಿಲಿಮೀಟರ್.
ಸ್ಕೇಲು ತಿರುಗಿಸಿ ಇಟ್ಟೆ. ಹದಿನೈದೇ.
ಪಟ್ಟಿಯಲ್ಲಿ ಅದಕ್ಕೆ ಮಧ್ಯಮ ಎನ್ನುತ್ತಾರೆ.

ಒಂಟಿಯಾಗಿದ್ದಾಗ ಇವು ಸಾಧು.
ಪಕ್ಕದವಳಿಗೆ ಒಂದು ಕಣ ತೇಲಿಬಿಡುತ್ತವೆ: ಇದ್ದೀಯಾ?
ಇದ್ದೇನೆ.
ಇದ್ದೇನೆಗಳು ಸಾಕಷ್ಟಾದ ಮೇಲೆಯೇ
ವಿಷದ ಪೆಟ್ಟಿಗೆಯ ಬೀಗ ತೆಗೆಯುವುದು.
ನಮ್ಮ ಪಂಚಾಯತಿನಲ್ಲಿ ಚರಂಡಿಯ ವಿಷಯಕ್ಕೆ
ಮೂರು ಸಲ ಕೋರಂ ಇಲ್ಲದೆ ಸಭೆ ಎದ್ದಿದೆ.
ಇಲ್ಲಿ ಒಬ್ಬರೂ ಗೈರುಹಾಜರಿಲ್ಲ.
ಕೊಲ್ಲಹೊರಟರೆ ಉಳಿದವು ಪಾಠ ಕಲಿಯುತ್ತವೆ;
ಅದಕ್ಕೆ ನಾನು ಅವುಗಳ ಕಿವಿ ಕೆಡಿಸಲು ನೋಡುತ್ತಿದ್ದೇನೆ.
ಗಾಜಿನಲ್ಲಿ ಆಗಿದೆ.
ಮನುಷ್ಯನಲ್ಲಿ ಆಗಿಲ್ಲ.

ಪ್ರಶ್ನಾವಳಿ ಹಿಡಿದು ಅವರ ಮನೆಗೂ ಹೋಗಿದ್ದೆ.
ಸೊಸೆ ಕುಸುಮಾವತಿ ಅಟ್ಟದಿಂದ
ಬಿಸ್ಕತ್ತಿನ ಡಬ್ಬ ಇಳಿಸಿದಳು.
ಮೂರು ನುಂಗಿ ಎರಡು ಉಳಿಸಿದ ಮಾತ್ರೆಯ ಪಟ್ಟಿಗಳು.
ಕೋಳಿಗೆ ಕೊಟ್ಟು ಮಿಕ್ಕದ್ದು. ಮಗುವಿನ ಕಿವಿನೋವಿನದ್ದು.
"ಜ್ವರ ಬಿಟ್ಟ ಮೇಲೆ ಸುಮ್ಮನೆ ಯಾಕೆ ತಿನ್ನುವುದು?
ಮುಂದಿನ ಸಲಕ್ಕೆ ಆಯ್ತಲ್ಲ."
ನಾನು ಟಿಕ್ ಹಾಕಿದೆ.
ನನ್ನ ಅಮ್ಮನ ಡಬ್ಬವೂ ಹೀಗೆಯೇ ಎಂದು ಹೇಳಲಿಲ್ಲ.

ಚನಿಯಣ್ಣ ಹೋದದ್ದು ಆಟಿ ಅಮಾವಾಸ್ಯೆಯ ಹಿಂದಿನ ದಿನ.
ನನಗೆ ತಿಳಿದದ್ದು ಹನ್ನೊಂದು ದಿನ ಕಳೆದು,
ಆಸ್ಪತ್ರೆಯ ಪಟ್ಟಿಯ ಕೊನೆಯ ಕಾಲಮಿನಲ್ಲಿ.

ಕಡವಿಗೆ ಈಗ ಸೇತುವೆ ಬಂದಿದೆ,
ಮೆಟ್ಟಿಲು ಯಾರೂ ಉಜ್ಜುವುದಿಲ್ಲ.

ಮೈನಸ್ ಎಂಬತ್ತರಲ್ಲಿ, ಎಡಗಡೆಯ ಮೂರನೆಯ ಅರೆಯಲ್ಲಿ,
ನೀಲಿ ಮುಚ್ಚಳದ ಕೆಳಗೆ,
ಅವರೊಳಗೆ ಬೆಳೆದದ್ದು ಮಾತ್ರ ನಿದ್ದೆ ಹೋಗಿದೆ:
ಶಿ-೪೧, ನನ್ನದೇ ಕೈಬರಹ.
ಕರೆಂಟು ಹೋದರೆ ನಾನು ಮೊದಲು ಓಡುವುದು ಅಲ್ಲಿಗೆ.
ಜನರೇಟರ್ ಗುರ್ ಎನ್ನುವವರೆಗೆ
ಅಂಗೈ ಆ ಬಾಗಿಲ ಮೇಲೆ,
ಮಗುವಿನ ಹಣೆ ಮುಟ್ಟಿ ನೋಡಿದ ಹಾಗೆ.
ಅವರನ್ನು ತಿಂದದ್ದನ್ನು ಇಷ್ಟು ಜೋಪಾನ ಮಾಡುವವಳಿಗೆ
ಏನೆನ್ನುತ್ತಾರೋ.
ಕೇಳಿದ್ದರೆ ಚನಿಯಣ್ಣ
ಅದಕ್ಕೂ ಒಂದು ಪದ ಕೊಡುತ್ತಿದ್ದರು.